ಏಸಿಯ ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಮಾರ್ಚ್ ಮುಗಿಯುವ ಹೊತ್ತಿಗೆ ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಏಸಿ ಮತ್ತೆ ಚಾಲೂ ಆಗುತ್ತದೆ. ತಂಪು ಬರದಿದ್ದರೆ ಮೆಕ್ಯಾನಿಕ್‌ಗೆ ಫೋನು. ಬಂದವರ ಬಾಯಲ್ಲಿ ಎಷ್ಟೋ ಸಲ ಒಂದೇ ಮಾತು: ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು.’ ಸಾವಿರಗಟ್ಟಲೆ ರೂಪಾಯಿ ಬೀಳುವ ಈ ಕೆಲಸಕ್ಕೆ ಹೂಂ ಎನ್ನುವ ಮೊದಲು ಆ ಗ್ಯಾಸ್ ಮಾಡುವುದೇನು ಎಂಬುದು ಗೊತ್ತಿರಬೇಕು.

ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತು ಅದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಈಗಿನ ಹೊಸ ಏಸಿಗಳಲ್ಲಿ ಹೆಚ್ಚಾಗಿರುವ ಆರ್-32 ಸಾಮಾನ್ಯ ಒತ್ತಡದಲ್ಲಿ ಮೈನಸ್ 52 ಡಿಗ್ರಿಗೇ ಕುದಿಯುತ್ತದೆ. ಒಳಗಿನ ಕಾಯಿಲ್‌ನಲ್ಲಿ ಅದು ಕೋಣೆಯ ಶಾಖ ಹೀರಿ ಆವಿಯಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ, ಹೊರಗಿನ ಗಾಳಿಗಿಂತಲೂ ಬಿಸಿ ಮಾಡುತ್ತದೆ. ಹಾಗೆ ಬಿಸಿಯಾದದ್ದರಿಂದಲೇ ಅದು ಏಪ್ರಿಲ್ ಬಿಸಿಲಲ್ಲೂ ಹೊರಗೆ ಶಾಖ ಬಿಟ್ಟು ಮತ್ತೆ ದ್ರವವಾಗಬಲ್ಲದು. ಎಷ್ಟು ವರ್ಷ ಸುತ್ತಿದರೂ ಅದರ ತೂಕ ಇಳಿಯಬಾರದು. ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ: ನಟ್ ಬಿಗಿದ ಜೋಡಣೆಯಲ್ಲೋ, ಸವೆದ ಕಾಯಿಲ್‌ನಲ್ಲೋ. ಅದನ್ನು ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಗಾಳಿಗೇ ಹೋಗುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೋ ಆರ್-32 ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ತಂಪು ಕಡಿಮೆಯಾದಾಗಲೆಲ್ಲ ಗ್ಯಾಸನ್ನೇ ದೂರುವುದೂ ಸರಿಯಲ್ಲ. ಕಪಿಲೆ, ಕಾವೇರಿ ಬಯಲಿನಲ್ಲಿ ಭತ್ತದ ಒಕ್ಕಣೆಯ ಧೂಳು ಫಿಲ್ಟರಿಗೂ ಔಟ್‌ಡೋರ್ ಯೂನಿಟ್ಟಿಗೂ ಅಂಟಿಕೊಂಡರೆ ಗಾಳಿ ಆಡುವುದಿಲ್ಲ, ಶಾಖ ಸಾಗುವುದಿಲ್ಲ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವುದು ಗ್ಯಾಸ್ ಕಡಿಮೆಯಾದಾಗ ಮಾತ್ರವಲ್ಲ, ಫಿಲ್ಟರ್ ಕಟ್ಟಿಕೊಂಡಾಗಲೂ ಉಂಟು. ಫಿಲ್ಟರನ್ನು ಮನೆಯಲ್ಲೇ ನೀರಿನಲ್ಲಿ ತೊಳೆದು ನೋಡಬಹುದು. ಔಟ್‌ಡೋರ್ ಬರೀ ಗುಂಯ್‌ಗುಟ್ಟಿ ಕಂಪ್ರೆಸರ್ ಏಳದಿದ್ದರೆ ಕೆಪಾಸಿಟರ್ ಹೋಗಿರಬಹುದು. ಅದು ಕೆಲವೇ ನೂರು ರೂಪಾಯಿಯ ಬಿಡಿಭಾಗ. ವೋಲ್ಟೇಜ್ ತೀರ ಇಳಿದಾಗಲೂ ಹೀಗಾಗುತ್ತದೆ.

ಮೆಕ್ಯಾನಿಕ್ ಮೈಸೂರಿನಿಂದ ಬಂದವರೋ ಊರಿನವರೋ ಎಂಬುದಕ್ಕಿಂತ ಅವರ ಚೀಲದಿಂದ ಏನು ಹೊರಬರುತ್ತದೆ ಎಂದು ನಾನು ನೋಡುತ್ತೇನೆ. ನೈಟ್ರೋಜನ್ ಒತ್ತಡ ಕೊಟ್ಟು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕುವವರು ಕೆಲಸ ಬಲ್ಲವರು. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಓಡಿಸಲೇಬೇಕು. ಕೊಳವೆಯಲ್ಲಿ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ, ಎಲ್ಲಕ್ಕಿಂತ ದುಬಾರಿಯಾದ ಕಂಪ್ರೆಸರನ್ನೇ ತಿನ್ನುತ್ತದೆ. ಆರ್-32ಗೆ ಬೆಂಕಿ ಹತ್ತುವ ಗುಣವೂ ಇದೆ, ಆದ್ದರಿಂದ ಗ್ಯಾಸ್ ಪೂರ್ತಿ ತೆಗೆಯದೆ ಕೊಳವೆಗೆ ಬೆಸುಗೆ ಹಾಕಲು ಹೊರಟವರನ್ನು ತಡೆಯಿರಿ. 1987ರ ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಲಾಗುತ್ತಿರುವ ಆರ್-22ರ ಹಳೆಯ ಏಸಿಗೆ ಈ ಹೊಸ ಗ್ಯಾಸ್ ತುಂಬಿಸುವಂತೆಯೇ ಇಲ್ಲ. ಒತ್ತಡ ಬೇರೆ, ಎಣ್ಣೆ ಬೇರೆ.

ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಯಂತ್ರದ ಮೇಲಿನ ಚೀಟಿಯಲ್ಲೇ ಇರುತ್ತದೆ. ಅಷ್ಟನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಿಸಲು ಹೇಳಿ. ಸೋರಿದ ಜಾಗ, ತುಂಬಿಸಿದ ಗ್ರಾಂ, ಮತ್ತೆ ಸೋರಿದರೆ ಎಷ್ಟು ತಿಂಗಳ ಜವಾಬ್ದಾರಿ, ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆ ಹಣ ಕೊಡಿ.