ಕೇಜಿನಲ್ಲಿ ಅಡಚಿಕೊಂಡ ಕಿವಿ: ಶಸ್ತ್ರಚಿಕಿತ್ಸೆ ಏನನ್ನು ಸರಿಪಡಿಸಬಲ್ಲದು?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ವಯಸ್ಸಾದ ಗಣಿಕಾರ್ಮಿಕರು ಪಕ್ಕದಲ್ಲಿ ಕುಳಿತವರೊಂದಿಗೂ ಕೂಗಿ ಮಾತನಾಡುವುದನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ರೈಲಿನ ಸದ್ದು ನಿಂತರೂ ಅವರ ದನಿ ತಗ್ಗುವುದಿಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಗಣಿಯ ಸದ್ದು ಅವರ ಕಿವಿಯಲ್ಲಿ ಬಿಟ್ಟುಹೋದ ಗುರುತು ಹಾಗೆಯೇ ಇದೆ.

ಹೀಗೊಂದು ಪ್ರಯಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಅವನ ತಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಂಡೆ ಕೊರೆಯುವ ಯಂತ್ರ ಹಿಡಿದವರು. "ಸಾರ್, ಅಪ್ಪನಿಗೆ ಆಪರೇಷನ್ ಮಾಡಿಸಿದರೆ ಕಿವಿ ಬರುತ್ತಾ? ಸಾಲ ಮಾಡಿಯಾದರೂ ಮಾಡಿಸ್ತೀನಿ" ಎಂದ. ಮಾತಿನ ನಡುವೆ ಒಂಬತ್ತು ವರ್ಷದ ಮಗಳ ವಿಷಯ ಬಂತು. ಅವಳ ಬಲಗಿವಿ ಆಗಾಗ ಸೋರುತ್ತದೆ, ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ ಎಂದು ಟೀಚರ್ ದೂರುತ್ತಾರೆ. "ಅದು ಬಿಡಿ ಸಾರ್, ದೊಡ್ಡವಳಾದ ಮೇಲೆ ತಾನಾಗಿ ನಿಲ್ಲುತ್ತೆ" ಎಂದು ಅವನೇ ಮಾತು ಮುಗಿಸಿದ. ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟ್ರು. ಆದರೂ ಅವನು ಈ ಇಬ್ಬರ ವಿಷಯವನ್ನೂ ತಲೆಕೆಳಗಾಗಿ ತಿಳಿದಿದ್ದಾನೆ ಎನಿಸಿತು. ಕಾರಣವನ್ನು ಹೇಳಬೇಕಾದರೆ ಕಿವಿಯೊಳಗಿನ ಭೌತವಿಜ್ಞಾನದಿಂದಲೇ ಶುರುಮಾಡಬೇಕು.

1990ರ ಸುಮಾರಿಗೆ, ವಿದ್ಯಾರ್ಥಿಯಾಗಿದ್ದಾಗ, ನಾನೊಮ್ಮೆ ಗಣಿಗೆ ಇಳಿದಿದ್ದೆ. ಭೌತವಿಜ್ಞಾನದವರಿಗೆ ಆ ಗಣಿ ಒಂದು ಬಗೆಯ ತೀರ್ಥಕ್ಷೇತ್ರ. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದದ್ದು ಅಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ. ಅಂದು ನನಗೆ ನೆಗಡಿ. ಕೇಜು ಇಳಿಯತೊಡಗಿದ ಕೆಲವೇ ಕ್ಷಣಗಳಲ್ಲಿ ಕಿವಿ ಅಡಚಿ, ಸೂಜಿ ಚುಚ್ಚಿದಂತೆ ನೋವು ಶುರುವಾಯಿತು. ಪಕ್ಕದಲ್ಲಿದ್ದ ಕಾರ್ಮಿಕರೊಬ್ಬರು ನಕ್ಕು, "ಎಂಜಲು ನುಂಗಿ ಸಾರ್" ಎಂದರು.

ಲೆಕ್ಕ ನೋಡಿ. ಕೆ.ಜಿ.ಎಫ್. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಸುಮಾರು 690 ಮಿ.ಮೀ. ಪಾದರಸ. ಕೆಳಗಿಳಿದಂತೆ ಪ್ರತಿ 100 ಮೀಟರಿಗೆ ಹತ್ತಿರಹತ್ತಿರ 8 ಮಿ.ಮೀ. ಹೆಚ್ಚುತ್ತದೆ. ಚಾಂಪಿಯನ್ ರೀಫ್ ಗಣಿಯ ತಳ 3.2 ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿ ವಾಯುಭಾರ 1000 ಮಿ.ಮೀ. ಸಮೀಪಕ್ಕೆ ಬರುತ್ತದೆ. ಒಂದು ಕಿಲೋಮೀಟರ್ ಇಳಿದಾಗ ನಡುಗಿವಿಯ ಗಾಳಿ ಮೇಲಿದ್ದ ಒತ್ತಡದಲ್ಲೇ ಉಳಿದುಬಿಟ್ಟರೆ, ತಮಟೆಯ ಎರಡು ಬದಿಗಳ ನಡುವೆ 80 ಮಿ.ಮೀ. ವ್ಯತ್ಯಾಸ. ತಮಟೆಯ ಕ್ರಿಯಾಶೀಲ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ. ಗುಣಿಸಿದರೆ, 0.1 ಮಿ.ಮೀ. ದಪ್ಪದ ಪೊರೆಯ ಮೇಲೆ ಅರವತ್ತು ಗ್ರಾಂ ತೂಕ ಇಟ್ಟಂತಾಯಿತು. ನೋಯದೆ ಇರುತ್ತದೆಯೇ?

ಇದನ್ನು ತಪ್ಪಿಸಲು ನಿಸರ್ಗ ಒಂದು ಕೊಳವೆ ಕೊಟ್ಟಿದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವ ಯೂಸ್ಟೇಷಿಯನ್ ನಾಳ ಅದು. ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಸ್ನಾಯುಗಳು ಅದನ್ನು ಎಳೆದು ತೆರೆಯುತ್ತವೆ. ಆ ಕಾರ್ಮಿಕರು ಹೇಳಿದ ಉಪಾಯ ಅಪ್ಪಟ ವಿಜ್ಞಾನ. ಒತ್ತಡದ ವ್ಯತ್ಯಾಸ 90 ಮಿ.ಮೀ. ದಾಟಿದರೆ ನಾಳದ ಬಾಯಿ ಬಿಗಿದುಕೊಂಡು, ಸ್ನಾಯುಗಳಿಗೂ ತೆರೆಯಲು ಆಗುವುದಿಲ್ಲ. ಆದ್ದರಿಂದ ನೋವು ಬರುವ ಮೊದಲೇ ನುಂಗುತ್ತಿರಬೇಕು. ಮೇಲೆ ಬರುವಾಗ ಅಷ್ಟು ತೊಂದರೆಯಿಲ್ಲ, ಒಳಗಿನ ಗಾಳಿ ತಾನೇ ನಾಳವನ್ನು ತಳ್ಳಿಕೊಂಡು ಹೊರಬರುತ್ತದೆ.

ಕಿವಿ, ಮೂಗು, ಗಂಟಲು ಮೂರಕ್ಕೂ ಒಬ್ಬರೇ ವೈದ್ಯರೇಕೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಬಹುಮಟ್ಟಿಗೆ ಈ ನಾಳದಲ್ಲಿದೆ. ಮಕ್ಕಳಲ್ಲಿ ಮೂಗಿನ ಹಿಂದಿರುವ ಅಡಿನಾಯ್ಡ್ ಊತಗೊಂಡರೆ ನಾಳದ ಬಾಯಿ ಮುಚ್ಚುತ್ತದೆ. ನಡುಗಿವಿಯ ಗಾಳಿಯನ್ನು ಸುತ್ತಲಿನ ಒಳಪೊರೆ ಹೀರಿಕೊಳ್ಳುತ್ತದೆ, ಖಾಲಿಯಾದ ಜಾಗದಲ್ಲಿ ಅಂಟುದ್ರವ ತುಂಬುತ್ತದೆ. ಆಗ ಶಸ್ತ್ರವೈದ್ಯರು ಅಡಿನಾಯ್ಡ್ ತೆಗೆಯುತ್ತಾರೆ. ಅಗತ್ಯವಿದ್ದರೆ ತಮಟೆಯಲ್ಲಿ ಸಣ್ಣ ಸೀಳು ಮಾಡಿ ದ್ರವ ಹೊರತೆಗೆದು, ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ. ಮುಚ್ಚಿದ ನಾಳಕ್ಕೆ ಇದು ಬದಲಿ ಕಿಟಕಿ. ಹಲವು ತಿಂಗಳ ನಂತರ ಅದು ಸಾಮಾನ್ಯವಾಗಿ ತಾನಾಗಿ ಉದುರಿಹೋಗುತ್ತದೆ.

ಈಗ ನಡುಗಿವಿಯ ಮುಖ್ಯ ಕೆಲಸಕ್ಕೆ ಬರೋಣ. ಶಬ್ದ ಬರುವುದು ಗಾಳಿಯಲ್ಲಿ, ಅದನ್ನು ಗ್ರಹಿಸುವ ಜೀವಕೋಶಗಳಿರುವುದು ಒಳಗಿವಿಯ ದ್ರವದಲ್ಲಿ. ಗಾಳಿಯಿಂದ ನೀರಿಗೆ ಶಬ್ದ ನೇರವಾಗಿ ಬಿದ್ದರೆ ಸಾವಿರದಲ್ಲಿ ಒಂದು ಪಾಲು ಶಕ್ತಿ ಮಾತ್ರ ಒಳಹೋಗುತ್ತದೆ, ಉಳಿದದ್ದೆಲ್ಲ ಪ್ರತಿಫಲನ. ಅಂದರೆ 30 ಡೆಸಿಬೆಲ್ ನಷ್ಟ. ಕೆರೆಯಲ್ಲಿ ಮುಳುಗಿದವನಿಗೆ ದಡದ ಮಾತು ಕೇಳಿಸದಿರುವುದು ಇದರಿಂದಲೇ. ಈ ನಷ್ಟ ತುಂಬಲು ತಮಟೆ ಮತ್ತು ಮೂರು ಮೂಳೆಗಳಿವೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ತಮಟೆಯ 55 ಚದರ ಮಿ.ಮೀ. ಮೇಲೆ ಬಿದ್ದ ಬಲ, ರಿಕಾಪಿನ ಪಾದದ 3.2 ಚದರ ಮಿ.ಮೀ. ಮೇಲೆ ಕೂಡಿಕೊಳ್ಳುತ್ತದೆ. ಅಲ್ಲಿಗೆ ಒತ್ತಡ 17 ಪಟ್ಟು. ಮೂಳೆಗಳ ಸನ್ನೆಯಿಂದ ಇನ್ನೂ 1.3 ಪಟ್ಟು. ಒಟ್ಟು 22 ಪಟ್ಟು, ಸುಮಾರು 27 ಡೆಸಿಬೆಲ್. ಕಳೆದುಹೋಗಬೇಕಿದ್ದುದು ಹೆಚ್ಚುಕಡಿಮೆ ಪೂರ್ತಿ ವಾಪಸಾಯಿತು!

ತಮಟೆ ತೂತಾದರೆ ಈ ಯಂತ್ರ ಕೆಡುತ್ತದೆ. ಸೋರುವ ಕಿವಿಯಲ್ಲಿ ಆಗುವುದು ಇದೇ. ವಿಸ್ತೀರ್ಣ ಕಡಿಮೆಯಾಗುವುದಷ್ಟೇ ಅಲ್ಲ, ಇನ್ನೊಂದು ಸೂಕ್ಷ್ಮವಿದೆ. ಒಳಗಿವಿಗೆ ಎರಡು ಕಿಂಡಿಗಳಿವೆ. ರಿಕಾಪು ಒಂದನ್ನು ಒಳಕ್ಕೆ ಒತ್ತಿದಾಗ ಇನ್ನೊಂದು ಹೊರಕ್ಕೆ ಉಬ್ಬಬೇಕು, ಆಗಲೇ ದ್ರವ ಚಲಿಸುವುದು. ದೊಡ್ಡ ತೂತಿನ ಮೂಲಕ ಶಬ್ದ ಎರಡೂ ಕಿಂಡಿಗಳ ಮೇಲೆ ಒಂದೇ ಪ್ರಾವಸ್ಥೆಯಲ್ಲಿ ಬಿದ್ದರೆ ಎರಡೂ ಒಟ್ಟಿಗೆ ಒತ್ತಲ್ಪಟ್ಟು ದ್ರವ ಅಲುಗುವುದೇ ಇಲ್ಲ. ತಮಟೆ ಒಂದು ಕಿಂಡಿಗೆ ಮರೆಯೂ ಹೌದು.

ಇದಕ್ಕೆ ಪರಿಹಾರ ಟಿಂಪನೋಪ್ಲಾಸ್ಟಿ. ಕಿವಿಯ ಮೇಲ್ಭಾಗದ ಸ್ನಾಯುವಿಗೆ ಹೊದಿಸಿದ ತೆಳುಪೊರೆಯ ತುಣುಕನ್ನು ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ರೋಗಿಯದೇ ಅಂಗಾಂಶವಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ. ಸೋರುವಿಕೆ ಹಿಂಭಾಗದ ಮೂಳೆಗೆ ಹರಡಿ ಮೂಳೆ ಸವೆಯುತ್ತಿದ್ದರೆ ಮೊದಲು ಅದನ್ನು ಕೊರೆದು ಶುದ್ಧಮಾಡಬೇಕು. ಅದು ಮ್ಯಾಸ್ಟಾಯ್ಡೆಕ್ಟಮಿ. ಮುಖದ ನರ ಆ ಮೂಳೆಯೊಳಗೇ ಹಾದುಹೋಗುತ್ತದೆ, ಮಿದುಳು ಒಂದು ತೆಳು ಮೂಳೆಹಲಗೆಯ ಆಚೆಗಿದೆ. ಸೋರುವ ಕಿವಿಯನ್ನು 'ತಾನಾಗಿ ನಿಲ್ಲುತ್ತೆ' ಎಂದು ಬಿಡಬಾರದು ಎನ್ನುವುದು ಇದಕ್ಕೇ. ಬಿಸಿ ಎಣ್ಣೆ ಬಿಡುವುದಂತೂ ತೂತಿನ ಮೂಲಕ ಸೋಂಕನ್ನು ಒಳಗೆ ಕಳಿಸಿದಂತೆ.

ಇಷ್ಟು ಚಿಕ್ಕ ಜಾಗದಲ್ಲಿ ಕೈಯಾಡಿಸಲು ಸಾಧ್ಯವಾದದ್ದು ಸೂಕ್ಷ್ಮದರ್ಶಕದಿಂದ. ಸ್ಟಾಕ್‌ಹೋಮಿನಲ್ಲಿ ನೈಲೆನ್ 1921ರಲ್ಲೇ ಅದನ್ನು ಕಿವಿಯ ಶಸ್ತ್ರಕ್ರಿಯೆಗೆ ಬಳಸಿದ್ದರು. 1956ರಲ್ಲಿ ಅಮೆರಿಕದ ಜಾನ್ ಶೀ, ಗಟ್ಟಿಯಾಗಿ ಕೂತುಹೋದ ರಿಕಾಪನ್ನು ತೆಗೆದು ಟೆಫ್ಲಾನ್ ಬದಲಿ ಮೂಳೆ ಕೂರಿಸಿದರು. ಈಗ ರಿಕಾಪಿನ ಪಾದದಲ್ಲಿ ಸಣ್ಣ ರಂಧ್ರ ಕೊರೆದು 0.6 ಮಿ.ಮೀ. ವ್ಯಾಸದ ಪಿಸ್ಟನ್ ಇಳಿಸುತ್ತಾರೆ. ಅದರ ವಿಸ್ತೀರ್ಣ ಮೂಲ ಪಾದದ ಹನ್ನೊಂದನೇ ಒಂದು ಭಾಗ. ಆದರೂ ಮಾತು ಚೆನ್ನಾಗಿ ಕೇಳುತ್ತದೆ. ಏಕಿರಬಹುದು? ಹನ್ನೆರಡನೇ ತರಗತಿಯ ವಿದ್ಯಾರ್ಥಿಗಳು ಯೋಚಿಸಲಿ. ವಿಸ್ತೀರ್ಣ ಕುಗ್ಗಿದರೆ ಒತ್ತಡ ಏನಾಗುತ್ತದೆ, ತಳ್ಳಲ್ಪಡುವ ದ್ರವದ ಗಾತ್ರ ಏನಾಗುತ್ತದೆ ಎಂಬುದೇ ಸುಳಿವು.

ಹಾಗಾದರೆ ಆ ಗಣಿಕಾರ್ಮಿಕರ ಕಿವಿ? ಅವರ ತಮಟೆ, ಮೂಳೆಗಳು ಗಟ್ಟಿಯಾಗಿವೆ. ಕೆಟ್ಟಿರುವುದು ಒಳಗಿವಿಯ ರೋಮಕೋಶಗಳು. ಹುಟ್ಟುವಾಗ ಒಂದು ಕಿವಿಯಲ್ಲಿ ಸುಮಾರು 15,000 ಇರುತ್ತವೆ. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬಂಡೆ ಕೊರೆಯುವ ಯಂತ್ರದ ಸದ್ದು 110 ಡೆಸಿಬೆಲ್ ಮುಟ್ಟುತ್ತದೆ. 8 ಗಂಟೆಯ ಪಾಳಿಗೆ 90 ಡೆಸಿಬೆಲ್ ಎಂಬ ಮಿತಿಗೆ ಹೋಲಿಸಿದರೆ ಅದರ ತೀವ್ರತೆ ನೂರು ಪಟ್ಟು. ಇಡೀ ಪಾಳಿಯ ಶಬ್ದಶಕ್ತಿ ಐದೇ ನಿಮಿಷಗಳಲ್ಲಿ ಕಿವಿಗೆ ಸೇರಿಬಿಡುತ್ತದೆ. ಅದೂ ಇಕ್ಕಟ್ಟಾದ ಸುರಂಗದಲ್ಲಿ, ನಾಲ್ಕೂ ಕಡೆಯ ಬಂಡೆಗಳಿಂದ ಪ್ರತಿಫಲಿಸಿ.

ಕೇಳುವ ಶಕ್ತಿ ಮೊದಲು ಕುಸಿಯುವುದು 4000 ಹರ್ಟ್ಸ್ ಸುತ್ತಮುತ್ತ. ಹೊರಗಿವಿಯ ಕಾಲುವೆ ಒಂದು ಬದಿ ಮುಚ್ಚಿದ, 2.5 ಸೆಂ.ಮೀ. ಉದ್ದದ ಕೊಳವೆ. ನಾವು ಅನುನಾದ ಕೊಳವೆಗೆ ಹಾಕುವ ಸೂತ್ರವನ್ನೇ ಹಾಕಿದರೆ ಆವೃತ್ತಿ 3400 ಹರ್ಟ್ಸ್. ಆ ಭಾಗದ ಶಬ್ದವನ್ನು ಕಿವಿ ತಾನೇ ವರ್ಧಿಸಿಕೊಂಡು, ಅದಕ್ಕಿಂತ ತುಸು ಮೇಲಿನ ಆವೃತ್ತಿಯ ಕೋಶಗಳನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತಿರುವುದು ಮೇಲಿನ ಆವೃತ್ತಿಗಳಲ್ಲಿ. ಹಾಗಾಗಿ ಇವರಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಇದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಇಲ್ಲ. ಸರಿಯಾಗಿ ಅಳೆದು ಹೊಂದಿಸಿದ ಶ್ರವಣಸಾಧನವೇ ಅವರಿಗೆ ದಾರಿ. ಕಾಕ್ಲಿಯರ್ ಇಂಪ್ಲಾಂಟ್ ಇರುವುದು ಶ್ರವಣಸಾಧನದಿಂದಲೂ ಪ್ರಯೋಜನವಾಗದಷ್ಟು ಕಿವುಡಾದವರಿಗೆ, ಮುಖ್ಯವಾಗಿ ಹುಟ್ಟುಕಿವುಡಿನ ಎಳೆಯ ಮಕ್ಕಳಿಗೆ. ಅದು ರೋಮಕೋಶಗಳನ್ನು ಬಿಟ್ಟು ನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ.

ಎರಡು ಬಗೆಯ ಕಿವುಡನ್ನು ಪ್ರತ್ಯೇಕಿಸಲು ನಿಮ್ಮ ಶಾಲೆಯ ಪ್ರಯೋಗಾಲಯದ 512 ಹರ್ಟ್ಸ್ ಶ್ರುತಿಕವೆ ಸಾಕು. ರಬ್ಬರಿಗೆ ಬಡಿದು, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ಸದ್ದು ಕೇಳಿಸುವುದು ನಿಂತೊಡನೆ ಕವೆಯ ತೋಳುಗಳನ್ನು ಕಿವಿಯ ಎದುರಿಗೆ ತನ್ನಿ. ಆರೋಗ್ಯವಾಗಿದ್ದರೆ ಮತ್ತೆ ಕೇಳಿಸುತ್ತದೆ. ಒಳಗಿವಿ ಮಂದವಾಗಿದ್ದರೂ ಗಾಳಿಯ ದಾರಿಯೇ ಮೇಲು. ಗಾಳಿಯಲ್ಲಿ ಕೇಳಿಸದೆ ಮೂಳೆಯಲ್ಲಿ ಮಾತ್ರ ಕೇಳಿಸಿದರೆ ತೊಂದರೆ ತಮಟೆ ಅಥವಾ ನಡುಗಿವಿಯಲ್ಲಿದೆ ಎಂದು ಸಂಶಯಪಡಬಹುದು. ಇದಕ್ಕೆ ರಿನ್ನೆ ಪರೀಕ್ಷೆ ಎಂದು ಹೆಸರು. 256ರ ಕವೆ ಬೇಡ, ಅದರ ಕಂಪನ ಮೂಳೆಗೆ ಸ್ಪರ್ಶವಾಗಿಯೂ ತಿಳಿದು ಗೊಂದಲವಾಗುತ್ತದೆ. ಇದು ಸೂಚನೆ ಮಾತ್ರ, ತೀರ್ಮಾನ ವೈದ್ಯರದು.

ಮುಂದಿನ ಭಾನುವಾರ ನಾನು ಕವೆಯನ್ನು ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಅಜ್ಜನ ಎರಡೂ ಕಿವಿಗಳಲ್ಲಿ ಗಾಳಿಯೇ ಮೇಲು. ಮೊಮ್ಮಗಳ ಬಲಗಿವಿಯಲ್ಲಿ ಮೂಳೆ ಮೇಲು. ಸಾಲ ಮಾಡುವ ಮೊದಲು ಮಗುವನ್ನು ಕೋಲಾರದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ತಮಟೆಯ ನಡುವೆ ತೂತು ಇತ್ತು. ಸೋರುವುದನ್ನು ಔಷಧಿಯಿಂದ ನಿಲ್ಲಿಸಿ, ಆಮೇಲೆ ಬೇಸಿಗೆ ರಜೆಯಲ್ಲಿ ತೇಪೆ ಹಾಕಿಸಿದರು. ಅಜ್ಜನಿಗೆ ಶ್ರವಣಸಾಧನ ಬಂದಿದೆ. ಮೊದಮೊದಲು ಪಾತ್ರೆಗಳ ಸದ್ದು ಕಿರಿಕಿರಿ ಎಂದು ತೆಗೆದಿಡುತ್ತಿದ್ದರಂತೆ. ಈಗ ಮೊಮ್ಮಗಳು ಪಾಠ ಓದುವ ಹೊತ್ತಿಗೆ ಹಾಕಿಕೊಳ್ಳುತ್ತಾರೆ.