ಪಿಕಾಚುವಿನ ಮಿಂಚಿಗೆ ನೀರು ಹೆದರಬೇಕೇ?

1996ರಲ್ಲಿ ಜಪಾನಿನಲ್ಲಿ ಬಂದ, ಮಿಂಚು ಹೊಮ್ಮಿಸುವ ಪಿಕಾಚುವಿನಂಥ ಜೀವಿಗಳು ಕಾದಾಡುವ ಪೊಕೆಮಾನ್ ಗೇಮ್‌ನ ಕೋಷ್ಟಕ ಮಕ್ಕಳಿಗೆ ಬಾಯಿಪಾಠ: ಬೆಂಕಿಯನ್ನು ನೀರು ಸೋಲಿಸುತ್ತದೆ, ನೀರನ್ನು ವಿದ್ಯುತ್ತು, ವಿದ್ಯುತ್ತನ್ನು ನೆಲ. ಆಟ ರಂಗೇರಲು ಇಂಥ ಸರಪಳಿ ಬೇಕು. ಅದನ್ನೇ ವಿಜ್ಞಾನವೆಂದು ನಂಬುವುದು ಬೇಡ.

ನೀರಿನ ಜೀವಿಗೆ ವಿದ್ಯುತ್ತೇ ಮೃತ್ಯು ಎಂಬ ಮಾತನ್ನು ನೋಡಿ. ಶುದ್ಧ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಹರಿಸುವುದು ಅದರಲ್ಲಿ ಕರಗಿದ ಲವಣ. ಹಾಗಾದರೆ ಉಪ್ಪು ತುಂಬಿದ ಕಡಲಲ್ಲಿ ಅಪಾಯ ಹೆಚ್ಚಿರಬೇಕಲ್ಲವೇ? ಇಲ್ಲ. ಕಡಲ ನೀರು ಮೀನಿನ ಮೈಗಿಂತ ಸಲೀಸಾದ ದಾರಿ; ಪ್ರವಾಹದ ಹೆಚ್ಚಿನ ಪಾಲು ಮೈಯನ್ನು ಬಿಟ್ಟು ಸುತ್ತಲಿನ ನೀರಲ್ಲೇ ಸಾಗುತ್ತದೆ. ಹೊಳೆಯ ಸಿಹಿನೀರಿನಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಮೀನಿನ ಮೈಯೇ ಸುಲಭದ ದಾರಿ. ಮೀನುಗಳ ಗಣತಿಗೆ ವಿದ್ಯುತ್ತು ಹಾಯಿಸುವ ವಿಧಾನ ನದಿಗಳಲ್ಲಿ ಫಲಿಸಿ, ಕಡಲಲ್ಲಿ ಸೋಲುವುದು ಇದಕ್ಕೇ.

ಇನ್ನೂ ಸೊಗಸಾದ ಸಂಗತಿಯಿದೆ. ವಿದ್ಯುತ್ತನ್ನೇ ಆಯುಧ ಮಾಡಿಕೊಂಡ ನಿಜವಾದ ಪ್ರಾಣಿಗಳು ನೀರಿನಲ್ಲೇ ಇವೆ! ಅಮೆಜಾನ್ ಸೀಮೆಯ ವಿದ್ಯುತ್ ಈಲ್‌ನ ಒಂದು ಪ್ರಭೇದ 860 ವೋಲ್ಟ್‌ವರೆಗೆ ಹೊಮ್ಮಿಸುತ್ತದೆಂದು 2019ರಲ್ಲಿ ವರದಿಯಾಯಿತು. ಸಿಹಿನೀರಿನ ತಡೆ ಮೀರಲು ಅಷ್ಟು ಒತ್ತಡ ಬೇಕು. ಕಡಲಿನ ಟಾರ್ಪೆಡೊ ಮೀನಿಗೆ ಕಡಿಮೆ ವೋಲ್ಟ್ ಸಾಕು, ಅದರ ಬಲವೆಲ್ಲ ಪ್ರವಾಹದ ಪ್ರಮಾಣದಲ್ಲಿದೆ. ಹಾಗೆಂದು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ: ನಲ್ಲಿ ನೀರಿನಲ್ಲಿ ಲವಣ ಇದ್ದೇ ಇರುತ್ತದೆ, ಒದ್ದೆಯಾದ ಚರ್ಮದ ತಡೆಯೂ ಕುಸಿಯುತ್ತದೆ.

ನೀರು ಎಲ್ಲ ಬೆಂಕಿಯನ್ನೂ ಗೆಲ್ಲುತ್ತದೆ ಎಂಬುದು ಅರ್ಧಸತ್ಯ. ಕಟ್ಟಿಗೆಯ ಬೆಂಕಿ ಆರುತ್ತದೆ, ನಿಜ. ಉರಿಯುವ ಎಣ್ಣೆಯ ಬಾಣಲೆಗೆ ಸುರಿದರೆ ನೀರು ತಳಕ್ಕಿಳಿದು, ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗಿ, ಉರಿವ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತದೆ. ಮೆಗ್ನೀಸಿಯಂನಿಂದ ಉರಿಯುವ ಡ್ರ್ಯಾಗನ್ ಇದ್ದಿದ್ದರೆ ನೀರಿನಿಂದ ಹೈಡ್ರೋಜನ್ ಬಿಡಿಸಿ ಇನ್ನಷ್ಟು ಭುಗಿಲೇಳುತ್ತಿತ್ತು.

ನನಗೆ ಆತಂಕ ತರುವುದು ಮೂರನೆಯ ನಿಯಮ. ಗೇಮ್‌ನಲ್ಲಿ ನೆಲದ ಜೀವಿಗೆ ವಿದ್ಯುತ್ತು ತಟ್ಟುವುದೇ ಇಲ್ಲ. ನಿಜದಲ್ಲಿ ಸಿಡಿಲು ಬಡಿದಾಗ ವಿದ್ಯುತ್ತು ಮಣ್ಣಿನಲ್ಲಿ ಸುತ್ತಲೂ ಹರಡುತ್ತದೆ. ಕಾಲಿಟ್ಟ ಎರಡು ಜಾಗಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಹುಟ್ಟಿ, ಪ್ರವಾಹ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ದನಕರುಗಳ ಮುಂಗಾಲು ಹಿಂಗಾಲುಗಳ ಅಂತರ ದೊಡ್ಡದು, ದಾರಿಯಲ್ಲಿ ಹೃದಯವೂ ಸಿಗುತ್ತದೆ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಹಾರ್ಡಂಗರ್‌ವಿದ್ದ ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಸಿಡಿಲಿಗೆ ಸತ್ತವು. ಗುಡುಗು ಕೇಳಿದರೆ ಮರದಡಿ ನಿಲ್ಲಬೇಡಿ, ಬಯಲಲ್ಲಿ ನೆಲಕ್ಕೊರಗಿ ಮಲಗಲೂ ಬೇಡಿ. ಗಟ್ಟಿ ಕಟ್ಟಡದೊಳಗೆ ಅಥವಾ ಲೋಹದ ಛಾವಣಿಯ ಕಾರಿನೊಳಗೆ ಸೇರಿಕೊಳ್ಳಿ.