ತಂಡ ಕಳಿಸಿದ್ರೆ ಮುಗೀತಾ?

ವಿಜಯಪುರದಲ್ಲಿ ಓದುವಾಗ ನಮ್ಮ ರೂಮಿನಲ್ಲಿ ನಾಲ್ಕು ತಾಲ್ಲೂಕುಗಳಿದ್ದವು. ನಾನು ಇಂಡಿ. ಇನ್ನಿಬ್ಬರು ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ. ನಾಲ್ಕನೆಯವನು ಸಿಂದಗಿ ಕಡೆಯ ಹಳ್ಳಿಯವನು. ನಾವು ಮೂವರು ಇಂಜಿನಿಯರಿಂಗ್, ಅವನು ಬೇರೆ ಕಾಲೇಜಿನಲ್ಲಿ ಬಿ.ಎ. ಅವನು ಓಡ್ತಿದ್ದ, ನಾವು ಅವನ ಫ್ಯಾನ್ಸ್. ಬೆಳಗ್ಗೆ ಐದಕ್ಕೆ ಅವನು ಎದ್ದರೆ ಮೂವರಲ್ಲಿ ಒಬ್ಬ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಹಿಂದೆ ಹೋಗಲೇಬೇಕು. ಅದು ರೂಮಿನ ಕಾನೂನು!

ಅವನದು 5,000 ಮೀಟರ್ ಓಟ. ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ಆದರೆ ಪ್ರಾಕ್ಟೀಸ್ ಮಾಡ್ತಿದ್ದುದು ಸುಣ್ಣದ ಗೆರೆ ಎಳೆದ ಎರೆ ಮಣ್ಣಿನ ಮೈದಾನದಲ್ಲಿ. ಮಳೆ ಬಂದರೆ ಒಂದೊಂದು ಶೂಗೂ ಅರ್ಧ ಕಿಲೋ ಮಣ್ಣು.

ವಿಶ್ವವಿದ್ಯಾಲಯದ ಕ್ರೀಡಾಕೂಟಕ್ಕೆ ರಾತ್ರಿ ಬಸ್ಸಿನಲ್ಲಿ ಹೋದೆವು. ಬೆಳಗ್ಗೆ ಆರಕ್ಕೆ ಇಳಿದ, ಎಂಟಕ್ಕೆ ಓಡಿದ. ನಾಷ್ಟಾ ನಮ್ಮ ದುಡ್ಡು, ಸ್ಪೈಕ್ಸ್ ಯಾರದೋ ಸಾಲ. ಸಿಂಥೆಟಿಕ್ ಟ್ರ್ಯಾಕ್ ಮೇಲೆ ಅವನು ಕಾಲಿಟ್ಟಿದ್ದೇ ಅವತ್ತು ಮೊದಲು. ಎಂಟು ಸುತ್ತು ಮುಂದಿದ್ದ. ಒಂಬತ್ತನೆಯದರಲ್ಲಿ ಮೀನಖಂಡ ಹಿಡಿದುಕೊಂಡಿತು. ಐದನೆಯವನಾಗಿ ಬಂದು ಕೂತು ಹೇಳಿದ: "ದೋಸ್ತಾ, ಆ ನೆಲ ಕಾಲಾಗ ಸ್ಪ್ರಿಂಗ್ ಇಟ್ಟಂಗ ಐತಲೇ. ಒಂದು ತಿಂಗಳ ಮೊದ್ಲ ಸಿಕ್ಕಿದ್ರ..."

ವಾಪಸ್ ಬಂದ ಮೇಲೆ ಅವನ ಕಾಲೇಜಿನ ಆಫೀಸಿಗೆ ಹೋಗಿ ಸ್ಪೈಕ್ಸ್ ಕೇಳಿದೆವು. "ತಂಡ ಕಳಿಸೀವಲ್ಲ, ಭಾಗವಹಿಸಿದ್ದೇ ದೊಡ್ಡದು" ಅಂದರು. ದೈಹಿಕ ಶಿಕ್ಷಣದ ಸರ್ ತಲೆ ತಗ್ಗಿಸಿ ನಿಂತಿದ್ದರು. ಪಾಪ, ಕಬಡ್ಡಿಯಿಂದ ಕ್ರಿಕೆಟ್‌ವರೆಗೆ ಎಲ್ಲಕ್ಕೂ ಅವರೊಬ್ಬರೇ.

ನಮ್ಮ ಜಿಲ್ಲೆಯಲ್ಲಿ ಪ್ರತಿಭೆ ಇಲ್ಲ ಅನ್ನೋಕೆ ಆಗಲ್ಲ. 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ವಿಜಯಪುರದವರು. ಸೈಕ್ಲಿಂಗ್‌ನಲ್ಲೂ ನಮ್ಮ ಮಂದಿಗೆ ದೊಡ್ಡ ಹೆಸರಿದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಸಿಂದಗಿ ಗೆಳೆಯ ಸಿಕ್ಕ. ಈಗ ತೊಗರಿ ಬೆಳೀತಾನೆ. ಅವನ ಅಣ್ಣನ ಮಗಳು ಪಿಯುಸಿ ಓದ್ತಾಳೆ, ಚಿಕ್ಕಪ್ಪನಂತೆಯೇ ಓಡ್ತಾಳೆ. "ಡಿಗ್ರಿಗೆ ಎಲ್ಲಿ ಹಾಕೂಣು?" ಅಂದ. ಯೋಚಿಸದೆ "ಮೂಡುಬಿದಿರೆ" ಅಂದುಬಿಟ್ಟೆ.

ಯಾಕೆ ಅಂದರೆ, ಅದೇನೂ ಮಹಾನಗರವಲ್ಲ. ಆದರೆ ಅಲ್ಲಿ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಉಚಿತವಾಗಿ ಕೊಡುತ್ತದೆ. ಆ ಮಕ್ಕಳ ಬಲದಿಂದ ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆಗಿದೆ. 2020ರ ಜನವರಿಯಲ್ಲಿ ಕೂಟ ನಡೆದದ್ದೂ ಮೂಡುಬಿದಿರೆಯಲ್ಲೇ, ಗೆದ್ದದ್ದೂ ಅವರೇ. ಅಲ್ಲಿ ತಯಾರಿ ವರ್ಷಪೂರ್ತಿ. ನಮ್ಮಲ್ಲಿ ಬಸ್ ಹತ್ತುವ ಹಿಂದಿನ ದಿನ.

ಆ ಹುಡುಗಿ ಐನೂರು ಕಿಲೋಮೀಟರ್ ದೂರ ಹೋಗಬೇಕೇ? ಅವರ ಮನೆಯಲ್ಲಿ ಇನ್ನೂ ಒಪ್ಪಿಲ್ಲ. ನನ್ನ ಬಾಯಿಗೆ ನಮ್ಮ ಕಡೆಯ ಒಂದು ಕಾಲೇಜಿನ ಹೆಸರೂ ಬರಲಿಲ್ಲವಲ್ಲ, ಅದೇ ಸಂಕಟ.

ತಪ್ಪು ನಮ್ಮದೂ ಇದೆ. ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಯಾರೋ ಪದಕ ಗೆದ್ದರೆ ಚಪ್ಪಾಳೆ ಇಮೋಜಿ ಒತ್ತಿ ಸುಮ್ಮನಾಗ್ತೀವಿ. ಅಡ್ಮಿಷನ್ ದಿನ ಕಟ್ಟಿದ ಸ್ಪೋರ್ಟ್ಸ್ ಫೀ ಎಲ್ಲಿ ಖರ್ಚಾಯ್ತು ಅಂತ ಒಬ್ಬರೂ ಕೇಳಿಲ್ಲ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಾವು ನಾಲ್ವರೂ ಈ ತಿಂಗಳು ಅರ್ಜಿ ಬರೆಯುತ್ತಿದ್ದೇವೆ. ಜೊತೆಗೆ, ಆ ಹುಡುಗಿಗೆ ಒಂದು ಜೊತೆ ಸ್ಪೈಕ್ಸ್ ಆರ್ಡರ್ ಆಗಿದೆ.

ನಿಮ್ಮ ಕಾಲೇಜಿನಲ್ಲೂ ಒಬ್ಬ ಓಟಗಾರ ಇದ್ದನಲ್ವಾ? ಈಗ ಎಲ್ಲಿದ್ದಾನೆ, ಒಂದು ಫೋನ್ ಮಾಡಿ ನೋಡಿ.